ಪಾಠ ಮೊದಲು, ಪರದೆ ಆಮೇಲೆ: ತರಗತಿಯಲ್ಲಿ ಡಿಜಿಟಲ್ ಸಾಧನ ಬಳಸುವ ಬಗೆ

ಶಾಲೆಗೆ ಪ್ರೊಜೆಕ್ಟರ್ ಬಂದಿದೆ ಅಂದುಕೊಳ್ಳಿ. ಅಥವಾ ಹತ್ತು ಟ್ಯಾಬ್ ಬಂದಿವೆ. ಅಥವಾ ಏನೂ ಬಂದಿಲ್ಲ, ನಿಮ್ಮ ಕೈಯಲ್ಲಿರುವ ಫೋನೇ ಗತಿ. ಯಾವುದಾದರೂ ಸರಿ, ಮರುದಿನ ತರಗತಿಗೆ ಹೋಗುವ ಮುನ್ನ ಒಂದೇ ಪ್ರಶ್ನೆ ಎದುರು ನಿಲ್ಲುತ್ತದೆ: ಇದನ್ನು ಇಟ್ಟುಕೊಂಡು ನಾನೇನು ಮಾಡಲಿ?

ನಾನು ಮೊದಲ ಸಲ ಪ್ರೊಜೆಕ್ಟರ್ ಬಳಸಿದ್ದು ರಕ್ತ ಪರಿಚಲನೆಯ ಪಾಠಕ್ಕೆ. 20 ನಿಮಿಷದ ಚಂದದ ಅನಿಮೇಶನ್ ಹಾಕಿದೆ. ಒಂದು ಮಗುವೂ ಮಿಸುಕಾಡಲಿಲ್ಲ. "ಅರ್ಥ ಆಯ್ತಾ?" ಅಂದರೆ ಎಲ್ಲರೂ "ಆಯ್ತು" ಅಂದರು. ನನಗೆ ತುಂಬಾ ಖುಷಿಯಾಯಿತು. ಮರುದಿನ ಕೇಳಿದೆ: "ಶ್ವಾಸಕೋಶದಿಂದ ಹೊರಟ ರಕ್ತ ಮೊದಲು ಎಲ್ಲಿಗೆ ಬರುತ್ತದೆ?" ಒಂದು ಕೈಯೂ ಮೇಲೇಳಲಿಲ್ಲ. ಹೃದಯ ಎಷ್ಟು ಕೆಂಪಗಿತ್ತು, ಹೇಗೆ ಬಡಿಯುತ್ತಿತ್ತು ಅನ್ನೋದು ಮಾತ್ರ ಎಲ್ಲರಿಗೂ ನೆನಪಿತ್ತು. ಮಕ್ಕಳು ಕಣ್ಣು ತುಂಬಾ ನೋಡಿದ್ದರು. ಯೋಚಿಸಲು ನಾನು ಜಾಗವನ್ನೇ ಕೊಟ್ಟಿರಲಿಲ್ಲ.

ದೊಡ್ಡ ಮಟ್ಟದಲ್ಲೂ ಹೀಗೆ ಆಗಿದೆ. ಪೆರು ದೇಶದಲ್ಲಿ 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್' ಯೋಜನೆಯಡಿ ಎಂಟು ಲಕ್ಷಕ್ಕೂ ಜಾಸ್ತಿ ಲ್ಯಾಪ್‌ಟಾಪ್ ಹಂಚಿದರು. ಅಲ್ಲಿನ 319 ಹಳ್ಳಿ ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಹೊರಬಂತು. ಸುಮಾರು 15 ತಿಂಗಳು ಬಳಸಿದ ಮೇಲೂ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ "ಹಾಗಾದ್ರೆ ಕಂಪ್ಯೂಟರೇ ಬೇಡ" ಅಂತ ನನಗೆ ಅನ್ನಿಸಲಿಲ್ಲ. ಸಾಧನ ಕೈಗೆ ಬರೋದು ಬೇರೆ, ಪಾಠದೊಳಗೆ ಬರೋದು ಬೇರೆ ಅಂತ ಅನ್ನಿಸಿತು. ಆ ಎರಡನೆಯದು ಹೇಗೆ ಅನ್ನೋದನ್ನೇ ಇಲ್ಲಿ ಹೇಳುತ್ತೇನೆ. ಒಂದು ಪಾಠಕ್ಕೆ, ಒಂದು ಸಾಧನಕ್ಕೆ ಮಾತ್ರ ಮಾಡಿ ನೋಡಿ. ವರ್ಷದ ಪಾಠವನ್ನೆಲ್ಲ ಒಮ್ಮೆಲೇ ಬದಲಾಯಿಸಲು ಹೋಗಬೇಡಿ.

1. ಮಕ್ಕಳು ಎಲ್ಲಿ ಎಡವುತ್ತಾರೆ? ಅದನ್ನು ಬರೆದಿಡಿ

ಯಾವ ಆ್ಯಪ್ ಚೆನ್ನಾಗಿದೆ ಅಂತ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ವರ್ಷ ಮಕ್ಕಳು ತಪ್ಪು ಮಾಡುವ ಒಂದು ಜಾಗ ಹುಡುಕಿ, ಒಂದೇ ವಾಕ್ಯದಲ್ಲಿ ಬರೆಯಿರಿ. "ವಿದ್ಯುತ್ ಪಾಠ ಕಷ್ಟ" ಅಂತ ಬರೆದರೆ ಉಪಯೋಗವಿಲ್ಲ. "ಎರಡು ಬಲ್ಬ್ ಸಾಲಾಗಿ ಜೋಡಿಸಿದರೆ ಮೊದಲ ಬಲ್ಬ್ ವಿದ್ಯುತ್ತನ್ನು ಖಾಲಿ ಮಾಡುತ್ತದೆ, ಎರಡನೆಯದಕ್ಕೆ ಕಡಿಮೆ ಸಿಗುತ್ತದೆ ಅಂದುಕೊಳ್ಳುತ್ತಾರೆ" ಅಂತ ಬರೆದರೆ ಅರ್ಧ ಕೆಲಸ ಮುಗಿಯಿತು. ಹಳೆಯ ಉತ್ತರ ಪತ್ರಿಕೆ ತಿರುವಿ ಹಾಕಿದರೆ ಇಂಥ ನಾಲ್ಕೈದು ಜಾಗ ಅರ್ಧ ಗಂಟೆಯಲ್ಲಿ ಸಿಗುತ್ತವೆ.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಸೀಮೆಸುಣ್ಣದಲ್ಲಿ, ಅಥವಾ ಕೈಯಲ್ಲಿ ಹಿಡಿಯುವ ವಸ್ತುವಿನಲ್ಲಿ ತೋರಿಸಲು ಆಗುತ್ತದಾ? ಆಗುತ್ತದೆ ಅಂದರೆ ಹಾಗೇ ತೋರಿಸಿ. ಬೀಜ ಮೊಳೆಯುವುದನ್ನು ಒದ್ದೆ ಬಟ್ಟೆಯಲ್ಲಿ ನೋಡಬಹುದಾದ ಮಗುವಿಗೆ ಅದರ ವಿಡಿಯೋ ಯಾಕೆ? ಪರದೆ ಬೇಕಾಗುವುದು ಕಣ್ಣಿಗೆ ಕಾಣದ್ದಕ್ಕೆ, ತುಂಬಾ ನಿಧಾನವಾಗಿ ಅಥವಾ ತುಂಬಾ ಬೇಗ ನಡೆಯುವುದಕ್ಕೆ, ಅಪಾಯದ್ದಕ್ಕೆ, ಮತ್ತೆ ಒಂದೇ ಚಿತ್ರವನ್ನು ನೂರು ರೀತಿ ಬದಲಾಯಿಸಿ ನೋಡಬೇಕಾದ ಕಡೆ.

2. ತೊಡಕಿಗೆ ತಕ್ಕ ಸಾಧನ

ವಿಜ್ಞಾನಕ್ಕೆ ನಾನು ಮೊದಲು ನೋಡುವುದು ಫೆಟ್ (PhET), ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಜಾಲತಾಣ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಉಚಿತ. ಬ್ರೌಸರ್‌ನಲ್ಲೇ ಓಡುತ್ತದೆ. ಇದರ ಪ್ರಯೋಗಗಳು ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತವೆ, ಆದರೆ ಎಲ್ಲ ಪ್ರಯೋಗವೂ ಎಲ್ಲ ಭಾಷೆಯಲ್ಲಿ ಇರುವುದಿಲ್ಲ. ಹಾಗಾಗಿ ನಿಮ್ಮ ಮಕ್ಕಳ ಭಾಷೆಯಲ್ಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ರೇಖಾಗಣಿತಕ್ಕೆ ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಶುರು ಮಾಡಿದ ತಂತ್ರಾಂಶ. ಇದರ ಬಲ ಎಲ್ಲಿದೆ ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ. ತ್ರಿಭುಜದ ಎತ್ತರ ಅಂದಾಗ ನಾವು ಹಲಗೆಯ ಮೇಲೆ ಬರೆಯುವುದು ಯಾವಾಗಲೂ ಒಂದೇ ತರಹದ ತ್ರಿಭುಜ. ಪಾದ ಕೆಳಗೆ, ಶೃಂಗ ಮೇಲೆ, ಎತ್ತರದ ಗೆರೆ ಒಳಗೆ. ಮಕ್ಕಳು "ಎತ್ತರ ಅಂದ್ರೆ ಒಳಗೇ ಇರಬೇಕು" ಅಂತ ಕಲಿತುಬಿಡುತ್ತಾರೆ. ಜಿಯೋಜೀಬ್ರಾದಲ್ಲಿ ಮೇಲಿನ ಶೃಂಗವನ್ನು ಬೆರಳಲ್ಲಿ ಹಿಡಿದು ಬಲಕ್ಕೆ ಎಳೆಯುತ್ತಾ ಹೋಗಿ. ಎತ್ತರದ ಗೆರೆಯೂ ಜೊತೆಗೇ ಸರಿಯುತ್ತದೆ. ಒಂದು ಹಂತದಲ್ಲಿ ಬಾಹುವಿನ ಮೇಲೇ ಕೂರುತ್ತದೆ, ಅದು ಲಂಬಕೋನ ತ್ರಿಭುಜ. ಇನ್ನೂ ಎಳೆದರೆ ತ್ರಿಭುಜದ ಹೊರಗೆ ಹೋಗಿಬಿಡುತ್ತದೆ. ಆ ಕ್ಷಣಕ್ಕೆ ತರಗತಿಯಲ್ಲಿ ಯಾರಾದರೂ ಒಬ್ಬರು "ಅಯ್ಯೋ, ಹೊರಗೆ ಹೋಯ್ತು!" ಅಂತ ಕೂಗುತ್ತಾರೆ. ಪಾಠ ಶುರುವಾಗುವುದೇ ಆಗ.

ಆಕಾಶ ನೋಡಲು ಸ್ಟೆಲೇರಿಯಂ, ಪ್ರೋಗ್ರಾಮಿಂಗ್‌ಗೆ 2007ರಿಂದ ಇರುವ ಸ್ಕ್ರ್ಯಾಚ್. ಭಾಷೆಗೆ ಫೋನಿನ ವಾಯ್ಸ್ ರೆಕಾರ್ಡರ್‌ನಷ್ಟು ಒಳ್ಳೆಯ ಸಾಧನ ನನಗೆ ಬೇರೆ ಸಿಕ್ಕಿಲ್ಲ. ಮಗು ಒಂದು ನಿಮಿಷ ಗಟ್ಟಿಯಾಗಿ ಓದಲಿ, ರೆಕಾರ್ಡ್ ಆಗಲಿ, ಆಮೇಲೆ ತನ್ನದೇ ದನಿ ಕೇಳಿಸಿಕೊಳ್ಳಲಿ. ಎಲ್ಲಿ ತಡವರಿಸಿದೆ ಅಂತ ನಾವು ಹೇಳಬೇಕಾಗಿಲ್ಲ, ಮಗುವಿಗೇ ಗೊತ್ತಾಗುತ್ತದೆ. ಮತ್ತೊಮ್ಮೆ ಓದುತ್ತೇನೆ ಅಂತ ತಾನೇ ಕೇಳುತ್ತದೆ.

3. ಹಿಂದಿನ ದಿನವೇ ಓಡಿಸಿ ನೋಡಿ

ಇದು ಸಣ್ಣ ಕೆಲಸ, ಆದರೆ ಬಿಡಬೇಡಿ. ನೀವು ನಾಳೆ ಬಳಸುವ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ವೈರ್ ಹಾಕಿ ನೋಡಿ. ಕಿಟಕಿಯ ಬೆಳಕಿಗೆ ಪರದೆ ಕಾಣುತ್ತದಾ? ಕೊನೆಯ ಬೆಂಚಿನಲ್ಲಿ ನೀವೇ ಹೋಗಿ ಕೂತು ಅಕ್ಷರ ಓದಿ. ಸ್ಪೀಕರ್ ದನಿ ಅಲ್ಲಿಗೆ ಮುಟ್ಟುತ್ತದಾ? ಫೆಟ್ ಪುಟ ಪಾಠಕ್ಕೆ ಮುಂಚೆಯೇ ತೆರೆದಿಟ್ಟುಕೊಳ್ಳಿ. ಒಮ್ಮೆ ಪೂರ್ತಿ ಲೋಡ್ ಆದರೆ, ಆ ಪುಟ ಮುಚ್ಚುವವರೆಗೆ ನೆಟ್ ಹೋದರೂ ಓಡುತ್ತದೆ. ವಿಡಿಯೋ ಆದರೆ ಆಟೋಪ್ಲೇ ಆಫ್ ಮಾಡಿ. ಫೋನನ್ನು ಪರದೆಗೆ ಜೋಡಿಸುವುದಾದರೆ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ, ನಿಮ್ಮ ಸ್ವಂತ ಮೆಸೇಜು ಇಡೀ ತರಗತಿ ಓದುವಂತಾಗಬಾರದು ಅಲ್ವಾ?

ಜೊತೆಗೆ ಕರೆಂಟು ಹೋದರೆ ಏನು ಮಾಡುತ್ತೀರಿ ಅನ್ನೋದನ್ನು ಒಂದು ಸಾಲಲ್ಲಿ ಬರೆದಿಟ್ಟುಕೊಳ್ಳಿ. ಅದೇ ಪ್ರಶ್ನೆ, ಹಲಗೆ ಮೇಲೆ. ಅಷ್ಟೇ ಸಾಕು.

4. ಮೊದಲು ಊಹೆ ಬರೆಸಿ, ಆಮೇಲೆ ತೋರಿಸಿ

ಇಡೀ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ. ಆ ಬಲ್ಬಿನ ಪಾಠವನ್ನೇ ತೆಗೆದುಕೊಳ್ಳೋಣ.

ಫೆಟ್‌ನ ವಿದ್ಯುತ್ ಮಂಡಲ ಕಟ್ಟುವ ಪ್ರಯೋಗ ತೆರೆಯಿರಿ. ಒಂದು ಬ್ಯಾಟರಿ, ಒಂದು ಬಲ್ಬ್ ಜೋಡಿಸಿ. ಬಲ್ಬ್ ಉರಿಯುತ್ತದೆ. ಈಗ ನಿಲ್ಲಿಸಿ. ಹಲಗೆಯ ಮೇಲೆ ಎರಡು ಬಲ್ಬ್ ಇರುವ ಸರಣಿ ಜೋಡಣೆ ಬರೆದು ಕೇಳಿ: "ಇನ್ನೊಂದು ಇಂಥದ್ದೇ ಬಲ್ಬ್ ಸಾಲಿಗೆ ಸೇರಿಸಿದರೆ ಏನಾಗುತ್ತದೆ? ಮೊದಲ ಬಲ್ಬ್ ಜಾಸ್ತಿ ಉರಿಯುತ್ತದಾ, ಎರಡನೆಯದಾ, ಎರಡೂ ಒಂದೇ ಸಮನಾ? ಈಗ ಉರಿಯುತ್ತಿರುವಷ್ಟೇ ಬೆಳಕಾ, ಕಡಿಮೆಯಾ?" ಪ್ರತಿ ಮಗುವೂ ಉತ್ತರವನ್ನು ಪುಸ್ತಕದಲ್ಲಿ ಬರೆಯಬೇಕು, ಯಾಕೆ ಅಂತ ಒಂದು ಸಾಲೂ ಬರೆಯಬೇಕು. ಪೆನ್ನಿನಲ್ಲಿ. ಪೆನ್ಸಿಲ್ ಆದರೆ ಸುಮ್ನೆ ಅಳಿಸಿಬಿಡುತ್ತಾರೆ.

ಎರಡು ನಿಮಿಷ ಪಕ್ಕದವರ ಜೊತೆ ವಾದ ಮಾಡಲಿ. ಗಲಾಟೆಯಾಗುತ್ತದೆ, ಆಗಲಿ. ಈಗ ಎರಡನೇ ಬಲ್ಬ್ ಸೇರಿಸಿ.

ಎರಡೂ ಒಂದೇ ಸಮ ಉರಿಯುತ್ತವೆ, ಎರಡೂ ಮೊದಲಿಗಿಂತ ಮಂದ. ನೀಲಿ ಚುಕ್ಕೆಗಳಾಗಿ ಕಾಣುವ ಎಲೆಕ್ಟ್ರಾನ್‌ಗಳನ್ನು ತೋರಿಸಿ. ಮೊದಲ ಬಲ್ಬಿಗೆ ಮುಂಚೆ, ಎರಡು ಬಲ್ಬುಗಳ ನಡುವೆ, ಎರಡನೆಯದರ ನಂತರ, ಎಲ್ಲ ಕಡೆ ಒಂದೇ ವೇಗದಲ್ಲಿ ಸಾಗುತ್ತಿರುತ್ತವೆ. ಯಾರೂ ಅವನ್ನು "ತಿಂದು ಮುಗಿಸಿಲ್ಲ". ವಿದ್ಯುತ್ ಪ್ರವಾಹ ಅಳೆಯುವ ಅಮ್ಮೀಟರನ್ನು ಮೂರೂ ಕಡೆ ಇಟ್ಟು ಅಳೆಯಿರಿ. ಪ್ರಯೋಗದಲ್ಲಿ ಮೊದಲೇ ಇರುವ 9 ವೋಲ್ಟ್ ಬ್ಯಾಟರಿ, 10 ಓಮ್ ಬಲ್ಬ್ ಹಾಗೇ ಬಿಟ್ಟರೆ, ಒಂದು ಬಲ್ಬಿಗೆ 0.9 ಆಂಪಿಯರ್ ಇದ್ದದ್ದು ಎರಡಾದಾಗ 0.45ಕ್ಕೆ ಇಳಿಯುತ್ತದೆ. ಮೂರೂ ಕಡೆ 0.45. ತಪ್ಪಾಗಿ ಊಹಿಸಿದ ಮಗು ತನ್ನ ಪುಸ್ತಕದ ಸಾಲನ್ನು ನೋಡಿಕೊಳ್ಳುತ್ತದೆ, ಮತ್ತೆ ಪರದೆ ನೋಡುತ್ತದೆ. ಆ ಮುಖ ನೋಡಬೇಕು ನೀವು. ತಪ್ಪಿಗೆ ಬೈಯಬೇಡಿ, ಅಂಕ ಕಳೆಯಬೇಡಿ. ಬೈದರೆ ಮುಂದಿನ ಸಲ ಎಲ್ಲರೂ ಜಾಣರ ಪುಸ್ತಕ ನೋಡಿ ಬರೆಯುತ್ತಾರೆ, ಅಲ್ಲಿಗೆ ಈ ಹೆಜ್ಜೆಯೇ ಸತ್ತಂತೆ.

ಆಮೇಲೆ ನಿಜವಾದ ಸೆಲ್, ವೈರ್, ಟಾರ್ಚ್ ಬಲ್ಬ್ ಮೇಜಿನ ಮೇಲೆ ಬರಲಿ. ದಯವಿಟ್ಟು ಇದನ್ನು ಬಿಡಬೇಡಿ. ಪರದೆಯ ಬಲ್ಬಿಗೂ ಕೈಯ ಬಲ್ಬಿಗೂ ವ್ಯತ್ಯಾಸ ಇದೆ, ಆ ವ್ಯತ್ಯಾಸವೇ ಒಂದು ಪಾಠ. ಪರದೆಯಲ್ಲಿ ಎರಡು ಬಲ್ಬನ್ನು ಸಮಾಂತರವಾಗಿ ಜೋಡಿಸಿದರೆ ಬೆಳಕು ಒಂಚೂರೂ ಕಡಿಮೆಯಾಗುವುದಿಲ್ಲ. ನಿಜವಾದ ಸೆಲ್‌ನಲ್ಲಿ ಸ್ವಲ್ಪ ಮಂದವಾಗುತ್ತದೆ, ಯಾಕೆಂದರೆ ಸೆಲ್ಲಿನ ಒಳಗೂ ರೋಧ ಇದೆ. ಒಮ್ಮೆ ಒಬ್ಬಳು ಹುಡುಗಿ ಬಂದು "ಕಂಪ್ಯೂಟರ್ ಸುಳ್ಳು ಹೇಳ್ತಿದೆ" ಅಂದಳು. ಫೆಟ್‌ನಲ್ಲಿ ಬ್ಯಾಟರಿಯ ಒಳಗಿನ ರೋಧವನ್ನು ಹೆಚ್ಚು ಮಾಡುವ ಆಯ್ಕೆಯೂ ಇದೆ. ಅವಳ ಕೈಗೇ ಮೌಸ್ ಕೊಟ್ಟೆ. ಅದನ್ನು ಏರಿಸುತ್ತಾ ಹೋದಳು, ಪರದೆಯ ಬಲ್ಬೂ ಮಂಕಾಯಿತು. ಅವಳು ಸುಮ್ಮನೆ ನಕ್ಕಳು. ಆ ಒಂದು ನಗುವಿಗಾಗಿ ನಾನು ಎಷ್ಟು ವೈರ್ ಬೇಕಾದರೂ ಹೊತ್ತುಕೊಂಡು ಹೋಗುತ್ತೇನೆ.

5. ವಿಡಿಯೋ ಹಾಕುವುದಾದರೆ

ಪೂರ್ತಿ ವಿಡಿಯೋ ಬೇಡ. ನಿಮ್ಮ ತೊಡಕಿಗೆ ಉತ್ತರ ಇರುವ ಎರಡು ಮೂರು ನಿಮಿಷ ಸಾಕು. ಎಷ್ಟನೇ ನಿಮಿಷದಿಂದ ಎಷ್ಟರವರೆಗೆ ಅಂತ ಬರೆದಿಟ್ಟುಕೊಳ್ಳಿ. ಹಾಕುವ ಮೊದಲು ಒಂದು ಪ್ರಶ್ನೆ ಕೊಡಿ. ಮಧ್ಯದಲ್ಲಿ ನಿಲ್ಲಿಸಿ "ಮುಂದೇನಾಗುತ್ತದೆ?" ಅಂತ ಕೇಳಿ. ವಿವರಣೆ ವೇಗವಾಗಿದ್ದರೆ ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ.

ರಕ್ತ ಪರಿಚಲನೆಯ ಪಾಠವನ್ನು ನಾನು ಈಗ ಮಾಡುವುದು ಬೇರೆ ತರಹ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೃದಯದ ನಾಲ್ಕು ಕೋಣೆ, ಒಂದು ಕಡೆ ಶ್ವಾಸಕೋಶ, ಇನ್ನೊಂದು ಕಡೆ ದೇಹ ಬರೆಯುತ್ತೇವೆ. ಮಕ್ಕಳೇ ರಕ್ತ. ನೀಲಿ ಚೀಟಿ ಹಿಡಿದು ಶ್ವಾಸಕೋಶಕ್ಕೆ ಹೋಗುತ್ತಾರೆ, ಅಲ್ಲಿ ಕೆಂಪು ಚೀಟಿ ಪಡೆದು ಎಡ ಹೃತ್ಕರ್ಣಕ್ಕೆ ಬರುತ್ತಾರೆ, ಅಲ್ಲಿಂದ ಎಡ ಹೃತ್ಕುಕ್ಷಿ, ಅಲ್ಲಿಂದ ದೇಹ. ದೇಹದಲ್ಲಿ ಕೆಂಪು ಕೊಟ್ಟು ನೀಲಿ ತೆಗೆದುಕೊಂಡು ಬಲಗಡೆಗೆ ಮರಳುತ್ತಾರೆ. (ರಕ್ತ ನಿಜಕ್ಕೂ ನೀಲಿಯಾಗುವುದಿಲ್ಲ, ಆಮ್ಲಜನಕ ಕಡಿಮೆಯಾದಾಗ ಗಾಢ ಕೆಂಪಾಗುತ್ತದೆ ಅಂತ ಹೇಳುವುದು ಮರೆಯಬೇಡಿ. ಚಿತ್ರಗಳ ನೀಲಿ ಬಣ್ಣ ಮಕ್ಕಳ ತಲೆಯಲ್ಲಿ ಹಾಗೇ ಕೂತುಬಿಡುತ್ತದೆ.) ಇಷ್ಟಾದ ಮೇಲೆ ಅದೇ ಹಳೆಯ ಅನಿಮೇಶನ್‌ನ 90 ಸೆಕೆಂಡ್ ಹಾಕುತ್ತೇನೆ, ಶಬ್ದ ಪೂರ್ತಿ ಬಂದ್ ಮಾಡಿ. ವಿವರಣೆ ಕೊಡುವುದು ಮಕ್ಕಳು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ.

6. ಎಲ್ಲರ ಉತ್ತರವೂ ಕಾಣಲಿ

ಪ್ರಶ್ನೆ ಕೇಳಿದಾಗ ಕೈ ಎತ್ತುವುದು ಅದೇ ಐದಾರು ಮಂದಿ. ಉಳಿದವರ ತಲೆಯಲ್ಲಿ ಏನಿದೆ ಅಂತ ನಮಗೆ ಗೊತ್ತಾಗುವುದೇ ಇಲ್ಲ. ಇದಕ್ಕೆ ಪ್ಲಿಕರ್ಸ್ ಅನ್ನುವ ಒಂದು ಒಳ್ಳೆಯ ಉಪಾಯ ಇದೆ. ಮಕ್ಕಳ ಬಳಿ ಫೋನ್ ಬೇಕಿಲ್ಲ. ಪ್ರತಿ ಮಗುವಿಗೆ ಮುದ್ರಿಸಿದ ಒಂದು ಕಾರ್ಡ್. ಯಾವ ಬದಿ ಮೇಲಿದೆ ಅನ್ನುವುದರ ಮೇಲೆ ಅದು ಎ, ಬಿ, ಸಿ ಅಥವಾ ಡಿ. ಮಕ್ಕಳು ಕಾರ್ಡ್ ಎತ್ತಿ ಹಿಡಿದರೆ ನೀವು ನಿಮ್ಮ ಫೋನಿನ ಕ್ಯಾಮೆರಾ ಒಮ್ಮೆ ಸುತ್ತಿಸಿ, ಅಷ್ಟೇ. ಯಾರು ಏನು ಉತ್ತರಿಸಿದರು ಅಂತ ಬಂದುಬಿಡುತ್ತದೆ. ಪ್ರತಿ ಕಾರ್ಡಿನ ಚಿತ್ರ ಬೇರೆ, ಅಕ್ಷರ ಸಣ್ಣದು, ಹಾಗಾಗಿ ಪಕ್ಕದವರದ್ದು ನೋಡಿ ಹಿಡಿಯುವುದು ಕಷ್ಟ. ನಾಚಿಕೆಯ ಮಕ್ಕಳಿಗೆ ಇದು ದೊಡ್ಡ ವರ. ತಪ್ಪಾದರೂ ಯಾರಿಗೂ ಗೊತ್ತಾಗುವುದಿಲ್ಲ, ನಿಮಗೆ ಬಿಟ್ಟು.

ಈ ಪ್ರಶ್ನೆಗಳನ್ನು ಪಾಠ ಮುಗಿದ ತಕ್ಷಣ ಮಾತ್ರ ಕೇಳಬೇಡಿ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಿಡಬೇಕಾದದ್ದು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದಾಗ ನೆನಪಿಸಿಕೊಂಡು ಬರೆದವರು ಮುಂದೆ. ಹಾಗಾಗಿ ಮೂರು ದಿನ ಬಿಟ್ಟು, ಮತ್ತೆ ಮುಂದಿನ ವಾರ, ಎರಡೇ ಎರಡು ಪ್ರಶ್ನೆ ಕೇಳಿ. ಕ್ವಿಜ್ ಆ್ಯಪ್‌ಗಳ ನಿಜವಾದ ಉಪಯೋಗ ಅಲ್ಲಿದೆ. ಅಂಕ ಪಟ್ಟಿ, ಮೊದಲ ಸ್ಥಾನ, ಪಟಾಕಿ ಶಬ್ದ ಇವೆಲ್ಲ ಇಲ್ಲದೆಯೂ ಅದು ನಡೆಯುತ್ತದೆ. ಗಡಿಯಾರದ ವಿರುದ್ಧ ಓಡಿಸುವ ಕ್ವಿಜ್ ನಾನು ಬಿಟ್ಟೇಬಿಟ್ಟೆ. ನಿಧಾನವಾಗಿ ಯೋಚಿಸುವ ಮಗುವಿಗೆ ಅದರಿಂದ ನೋವಾಗುತ್ತದೆ.

7. ಕಂಪ್ಯೂಟರ್ ಕಡಿಮೆ, ಮಕ್ಕಳು ಜಾಸ್ತಿ

ಒಂದಕ್ಕೆ ಮೂವರು ಕೂರಲಿ, ಆದರೆ ಕೆಲಸ ಹಂಚಿ. ಒಬ್ಬರ ಕೈಯಲ್ಲಿ ಮೌಸ್. ಇನ್ನೊಬ್ಬರು ಏನು ಮಾಡಬೇಕು ಅಂತ ಬಾಯಲ್ಲಿ ಹೇಳುವವರು. ಮೂರನೆಯವರು ಪುಸ್ತಕದಲ್ಲಿ ಬರೆಯುವವರು. ಮೌಸ್ ಹಿಡಿದವರು ಹೇಳಿದ್ದನ್ನು ಮಾತ್ರ ಮಾಡಬೇಕು, ಸ್ವಂತ ಬುದ್ಧಿ ಓಡಿಸುವಂತಿಲ್ಲ. ಎಂಟು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಾಯಿಸಿ. ಹೀಗೆ ಮಾಡದಿದ್ದರೆ ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವೇ ಕೊನೆವರೆಗೂ ಮೌಸ್ ಹಿಡಿದಿರುತ್ತದೆ, ಇಲ್ಲದ ಮಗು ಹಿಂದೆ ನಿಂತು ನೋಡುತ್ತದೆ. ಅದನ್ನು ನೋಡಿಕೊಂಡು ಸುಮ್ಮನಿರಬೇಡಿ.

ಕಣ್ಣಿಗೆ 20-20-20 ನೆನಪಿಡಿ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವುದು.

8. ನೆಟ್ ಇಲ್ಲದ ಶಾಲೆಗೆ

ನೆಟ್ ಇಲ್ಲ ಅಂತ ಕೈ ಬಿಡಬೇಕಾಗಿಲ್ಲ. ಕಿವಿಕ್ಸ್ ಅನ್ನುವ ಉಚಿತ ತಂತ್ರಾಂಶದಿಂದ ವಿಕಿಪೀಡಿಯವನ್ನೇ ಫೈಲ್ ಆಗಿ ಇಳಿಸಿಕೊಂಡು ಆಫ್‌ಲೈನ್‌ನಲ್ಲಿ ಓದಬಹುದು. ಕೊಲಿಬ್ರಿ ಅನ್ನುವ ಇನ್ನೊಂದು ತಂತ್ರಾಂಶ ಒಂದು ಹೆಜ್ಜೆ ಮುಂದೆ. ನೆಟ್ ಇರುವ ಕಡೆ ಒಮ್ಮೆ ಪಾಠ, ವಿಡಿಯೋ, ಅಭ್ಯಾಸ ಎಲ್ಲ ತುಂಬಿಸಿಕೊಂಡು ಬನ್ನಿ. ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇದನ್ನೆಲ್ಲ ಇಟ್ಟುಕೊಂಡು ಹಂಚುವ ಶಾಲೆಯ ಸರ್ವರ್ ಆಗುತ್ತದೆ. ಕೋಣೆಯಲ್ಲಿ ಒಂದು ವೈಫೈ ರೂಟರ್ ಇದ್ದರೆ ಮಕ್ಕಳ ಟ್ಯಾಬ್‌ಗಳು ಅದಕ್ಕೆ ಸೇರಿಕೊಳ್ಳುತ್ತವೆ. ಹೊರಗಿನ ಇಂಟರ್ನೆಟ್ ಬೇಡವೇ ಬೇಡ. ಇದರಲ್ಲಿ ಇನ್ನೊಂದು ನೆಮ್ಮದಿ ಇದೆ: ಮಕ್ಕಳು ಜಾಹೀರಾತಿನ ಹಿಂದೆ ಹೋಗುವ ದಾರಿಯೇ ಇರುವುದಿಲ್ಲ.

9. ಹೆಸರು, ಫೋಟೋ, ಮತ್ತೆ ಎಐ

ಹೊಸ ಆ್ಯಪ್ ಮಕ್ಕಳ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಕೇಳಿದರೆ ಅಲ್ಲೇ ನಿಲ್ಲಿ. ಲಾಗಿನ್ ಇಲ್ಲದೆ ನಡೆಯುತ್ತದಾ ನೋಡಿ. ನಡೆಯುವುದಿಲ್ಲ ಅಂದರೆ ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ. ಮಕ್ಕಳ ಮುಖ ಕಾಣುವ ಫೋಟೋವನ್ನು ಪೋಷಕರ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬೇಡಿ. ಮಗುವಿನ ಓದುವ ದನಿ ರೆಕಾರ್ಡ್ ಮಾಡಿದ್ದೀರಲ್ಲ, ಕೇಳಿಸಿದ ಮೇಲೆ ಅದನ್ನೂ ಅಳಿಸಿ.

2022ರ ನವೆಂಬರ್‌ನಲ್ಲಿ ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಸಾಧನ ಚಾಟ್‌ಜಿಪಿಟಿ ಬಂದ ಮೇಲೆ ಹೋಂವರ್ಕ್ ಕಥೆಯೇ ಬದಲಾಗಿದೆ. ಯುನೆಸ್ಕೋ 2023ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ತರಗತಿಯಲ್ಲಿ ಇಂಥ ಸಾಧನ ಬಳಸಲು ಕನಿಷ್ಠ 13 ವರ್ಷ ಅಂತ ವಯಸ್ಸಿನ ಮಿತಿ ಇಡಲು ಹೇಳಿದೆ. ಅದಕ್ಕಿಂತ ಚಿಕ್ಕ ಮಕ್ಕಳಿದ್ದರೆ ನೀವು ಮಾತ್ರ ಬಳಸಿ. ಪ್ರಶ್ನೆ ತಯಾರಿಸಲು, ಒಂದೇ ಲೆಕ್ಕವನ್ನು ಐದು ಸಂದರ್ಭದಲ್ಲಿ ಕೇಳಲು ಇದು ಒಳ್ಳೆಯದು. ಆದರೆ ಪ್ರತಿ ಉತ್ತರವನ್ನೂ ನೀವೇ ಮಾಡಿ ನೋಡಿ, ಯಾಕೆಂದರೆ ತಪ್ಪನ್ನೂ ಅದು ಅಷ್ಟೇ ಧೈರ್ಯವಾಗಿ ಹೇಳುತ್ತದೆ. ದೊಡ್ಡ ಮಕ್ಕಳಿಗೆ ನಾನು ಕೊಡುವ ಕೆಲಸ ಇದು: ಪಾಠದ ವಿಷಯದ ಮೇಲೆ ಎಐ ಬರೆದ ಒಂದು ಪುಟ ಮುದ್ರಿಸಿ ಕೊಡುತ್ತೇನೆ. ಕೈಯಲ್ಲಿ ಕೆಂಪು ಪೆನ್ನು, ಪಕ್ಕದಲ್ಲಿ ಪಠ್ಯಪುಸ್ತಕ. ಪ್ರತಿ ವಾಕ್ಯವನ್ನೂ ಪರೀಕ್ಷಿಸಿ ಸರಿ, ತಪ್ಪು, ಪುಸ್ತಕದಲ್ಲಿ ಇಲ್ಲ ಅಂತ ಗುರುತು ಹಾಕಬೇಕು. ತಪ್ಪು ಸಿಕ್ಕ ಮಗುವಿನ ಹುರುಪು ನೋಡುವಂತಿರುತ್ತದೆ.

10. ಒಂದು ನೋಟ್ ಪುಸ್ತಕ ಇಡಿ

ಪಾಠ ಮುಗಿದ ಮೇಲೆ ಐದು ಸಾಲು ಬರೆಯಿರಿ. ಯಾವ ತೊಡಕು, ಯಾವ ಸಾಧನ. ಊಹೆ ಸರಿ ಇದ್ದವರು ಎಷ್ಟು ಮಂದಿ. ಮೂರು ದಿನ ಬಿಟ್ಟು, ಪರದೆ ಇಲ್ಲದೆ ಕೇಳಿದಾಗ ಸರಿ ಹೇಳಿದವರು ಎಷ್ಟು. ವೈರ್ ಜೋಡಿಸಲು, ಲಾಗಿನ್ ಮಾಡಲು ಎಷ್ಟು ನಿಮಿಷ ಹೋಯಿತು. ಯಾವ ಮಗು ಸುಮ್ಮನೆ ಕೂತಿತ್ತು. ಮೊದಲ ಎರಡು ಸಂಖ್ಯೆಗಳಲ್ಲಿ ಒಳ್ಳೆಯ ಅಂತರ ಇದ್ದರೆ ಮುಂದಿನ ವರ್ಷವೂ ಅದನ್ನೇ ಮಾಡಿ. ಅಂತರ ಇಲ್ಲದಿದ್ದರೆ ಪ್ರಶ್ನೆ ಬದಲಾಯಿಸಿ ಇನ್ನೊಮ್ಮೆ ನೋಡಿ, ಆಗಲೂ ಇಲ್ಲದಿದ್ದರೆ ಆ ಸಾಧನ ಬಿಡಿ, ಎಷ್ಟೇ ಚಂದವಿದ್ದರೂ ಸರಿ. ಪುಸ್ತಕವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಣುವ ಕಡೆ ಇಡಿ. ಪಕ್ಕದ ತರಗತಿಯ ಟೀಚರ್ ಅದನ್ನು ತೆರೆದು ನೋಡಿ, "ಈ ಬಲ್ಬಿನ ಪಾಠ ನನಗೂ ತೋರಿಸಿ" ಅಂತ ಕೇಳಿದ ದಿನ, ನಿಮ್ಮ ತರಗತಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂರಲು ಹೇಳಿ.